ಕಿರುಬೆರಳು

ಶಿಡ್ಲಘಟ್ಟದ ಗೂಡು ಮಾರುಕಟ್ಟೆಯ ಎದುರಿಗೆ
ನನ್ನದೊಂದು ಅಂಗಡಿ, ಆರಡಿಗೆ ನಾಲ್ಕಡಿ.
ಸತ್ತ ಮೊಬೈಲುಗಳನ್ನು ಎಬ್ಬಿಸಿ ಕೂರಿಸುವುದು ಕಸುಬು.
ಊರಿಗೆಲ್ಲ ಹುಳ ಬೆಂದ ವಾಸನೆ.
ಹೊರಗಿನವರು ಮೂಗು ಮುಚ್ಚುತ್ತಾರೆ,
ನಮಗೆ ಅದು ಬಾರದ ದಿನವೇ ದಿಗಿಲು.

ಹರಾಜು ಮೊಬೈಲಿಗೆ ಇಳಿದ ವರ್ಷ
ನನಗೆ ಸುಗ್ಗಿ.
‘ಆ ಆಪು ಹಾಕ್ಕೊಡು, ನನ್ನ ಹೆಸರು ಕೂರ್ಸು,
ಹಳೇದು ಅಳಿಸ್ಬೇಡ, ಮೊಮ್ಮಗಳ ಫೋಟೋ ಐತೆ.’
ಕೂಗಿ ಕೂಗಿ ಬೆಲೆ ಏರಿಸುತ್ತಿದ್ದ ಜನ
ತುಟಿ ಬಿಗಿದು ಗಾಜು ಒತ್ತತೊಡಗಿದರು.
ಲಾಟು ಕೂಗುತ್ತಿದ್ದ ಬಾವಾಜಾನ್ ಮಾತ್ರ
ಕೆಲಸವಿಲ್ಲದ ಗಂಟಲು ಹೊತ್ತು ಬಂದು
ನನ್ನ ಕಟ್ಟೆಯ ಮೇಲೆ ಬೀಡಿ ಹಚ್ಚುತ್ತಿದ್ದ,
ಚಹಾ ಬೇಕೆಂದರೂ ಪಿಸುಗುಡುತ್ತಿದ್ದ.

ಷಂಷಾದ್ ಬೀ ಬಂದದ್ದು ಮಗ್ರಿಬ್ ಆದ ಮೇಲೆ.
ಎರಡು ಬೇಸಿನ್ನಿನ ಒಡತಿ, ಲೈಸೆನ್ಸು ಅವರದೇ ಹೆಸರಿಗೆ.
‘ಬೆರಳಿಟ್ಟರೆ ತೆಗೀಬೇಕಪ್ಪ,
ಆ ನಂಬರೆಲ್ಲ ನೆನಪಿರಲ್ಲ ನನಗೆ.’

ಹೆಬ್ಬೆರಳಿಟ್ಟರು. ಮತ್ತೊಮ್ಮೆ ಪ್ರಯತ್ನಿಸಿ, ಎಂದಿತು ಫೋನು.
ಸೆರಗಿಗೆ ಒರೆಸಿ ಇಟ್ಟರು. ಮತ್ತೊಮ್ಮೆ.
ತೋರುಬೆರಳು, ನಡುಬೆರಳು, ಆ ಕೈ, ಈ ಕೈ.
ದೀಪದಡಿ ಚಾಚಿ ಎಂದೆ.
ಗೆರೆಯೇ ಇಲ್ಲ.
ಮೂವತ್ತು ವರ್ಷ ಕುದಿನೀರಿನಲ್ಲಿ
ಎಳೆಯ ತುದಿ ತಡಕಿ ತಡಕಿ
ಗೂಡಿನ ಜೊತೆ ಬೆರಳೂ ಬಿಚ್ಚಿಕೊಂಡು ಹೋಗಿದೆ.
‘ಎಲ್ಲಿ ಹೋಯ್ತು ಬೀ?’ ಎಂದೆ, ಬುದ್ಧಿಯಿಲ್ಲದೆ.
‘ಯಾರದೋ ಸೀರೆಗೆ ಹೋಗಿರ್ತದೆ. ಹುಡುಕ್ತೀಯಾ?’

ಒಂಬತ್ತು ಮುಗಿದವು.
ಉಳಿದದ್ದು ಎಡಗೈ ಕಿರುಬೆರಳು.
ನೀರಿಗಿಳಿಸದೆ ಎತ್ತಿ ಹಿಡಿಯುವುದು ಮೊದಲಿನಿಂದಲೂ ಅಭ್ಯಾಸವಂತೆ.
‘ಮದುಮಗಳ ಒಯ್ಯಾರ’ ಅಂತ ಅತ್ತೆ ಬೈದದ್ದೇ ಬೈದದ್ದಂತೆ.
ಇಟ್ಟರು.
ತೆರೆಯಿತು.
ಬೀ ಅಂಗಡಿ ನಡುಗುವಂತೆ ನಕ್ಕರು,
ಬಾವಾಜಾನನ ಬೀಡಿ ಕೆಳಗೆ ಬಿತ್ತು.

ಮಾರನೆಯ ಬೆಳಿಗ್ಗೆ ನೋಡೋಣವೆಂದು ಹೋದೆ.
ಚೀಮಂಗಲದವರ ಲಾಟು, ಎಂಬತ್ತಮೂರು, ಹಳದಿ ಗೂಡು.
ಬೀ ಐದಾರು ಆರಿಸಿ ಕಿವಿಯ ಹತ್ತಿರ ಅಲ್ಲಾಡಿಸಿದರು,
ಒಳಗಿನ ಹುಳ ಏನೋ ಹೇಳಿತು,
ಮುಖದಲ್ಲಿ ಏನೂ ಕಾಣಲಿಲ್ಲ.
ಎತ್ತಿದ ಕಿರುಬೆರಳಲ್ಲಿ, ಇರುವೆಗೆ ನೋವಾಗದಂತೆ,
ನಾಲ್ಕು, ಒಂದು, ಎಂಟು.

ಯಾರೋ ನಾನೂರ ಅರವತ್ತಕ್ಕೆ ಎತ್ತಿಕೊಂಡ.
ಆತ ಬಂದೇ ಇರಲಿಲ್ಲ,
ಮನೆಯಲ್ಲಿ ಮಲಗಿದ್ದಲ್ಲಿಂದಲೇ ಒತ್ತಿದ್ದಂತೆ.
‘ಜೋಡಿಗೂಡು ತುಂಬ ಇದ್ದಾವೆ ಅದರಲ್ಲಿ’ ಎಂದರು ಬೀ,
‘ಬಿಸಿನೀರಿಗೆ ಹಾಕಿದಾಗ ಅವನಿಗೂ ಕೇಳಿಸ್ತದೆ ಬಿಡು.’
ಮುಂದಿನ ಲಾಟು ಅವರಿಗೇ ಆಯಿತು.

ಮೊದಲೆಲ್ಲ ಈ ಗಂಡಸರ ಮೊಣಕೈಗಳ ನಡುವೆ ನುಗ್ಗಲು
ತಮ್ಮನನ್ನು ಕಳಿಸಬೇಕಿತ್ತು.
ಕಿಲೋಗೆ ಎರಡು ರೂಪಾಯಿ ಅವನ ಜೇಬಿಗೆ,
ಅದರ ಮೇಲೆ ಆರಿಸಿ ಆರಿಸಿ ಮೆತ್ತನೆ ಗೂಡು.
ಈಗ ತಮ್ಮ ಮಾತಾಡುವುದಿಲ್ಲ.
‘ಫೋನ್ ಮಾಡಿದ್ರೂ ಎತ್ತಲ್ಲ’ ಎಂದು
ಆ ಫೋನನ್ನೇ ತಿರುಗಿಸಿ ನೋಡುತ್ತಿದ್ದರು.

ಆಮೇಲೊಮ್ಮೆ ಚಾರ್ಜು ಏರುತ್ತಿಲ್ಲವೆಂದು ಬಂದರು.
ಬಿಚ್ಚಿ ದೀಪ ಬಿಟ್ಟು ನೋಡಿದರೆ
ತೂತಿನಲ್ಲಿ ಅಂಟಿಕೊಂಡ ಒಂದೇ ಒಂದು ಎಳೆ.
ಚಿಮಟದಲ್ಲಿ ಹಿಡಿದು ಎಳೆದೆ,
ಬಂತು, ಇನ್ನೂ ಬಂತು,
ಮೊಳದಷ್ಟಾದರೂ ಮುಗಿಯಲಿಲ್ಲ.
ಬಾವಾಜಾನ್ ಎದ್ದು ಬಂದು ಇಣುಕಿದ.
ಬೀ ಮುಂದೆ ಬಾಗಿ, ಉಸಿರು ಹಿಡಿದು,
ಹೊಸ ಹುಡುಗಿಯರಿಗೆ ಹೇಳುವ ದನಿಯಲ್ಲಿ ಅಂದರು:
‘ನಿಧಾನ.
ತುಂಡು ಮಾಡ್ಬೇಡ.’