ತೊಗರಿಗೆ ಮಾಡಬೇಕಾದ ಕೆಲಸಗಳು

ದಾಲ್ ಮಿಲ್ಲಿನ ಹಳೇ ತೂಕದ ಚೀಟಿಯ ಬೆನ್ನಿಗೆ
ಪೆನ್ಸಿಲ್ಲಿನಾಗ ಬರದೀನಿ ಪಟ್ಟಿ:
ಮೆಮರಿ, ನಾಲ್ಕರಿಂದ ಎಂಟು.
ಫ್ಯಾನಿಗೆ ಎಣ್ಣಿ, ಇಲ್ಲಾ ಹೊಸ ಫ್ಯಾನು,
ಸೂಪರ್ ಮಾರ್ಕೆಟ್ಟಿನಾಂವ ಆರುನೂರಾ ಐವತ್ತಂದ,
ಐದುನೂರಕ್ಕ ಬರ್ತಾನ.
ಎರಡನೇ ಡಿಸ್ಕು, ಒಂದು ಸತ್ತರ
ಅದರ ಮಾತು ಇನ್ನೊಂದು ಹೇಳಬೇಕು.
ಬ್ಯಾಟರಿ. ಬ್ಯಾಟರಿ.
ಎರಡು ಸಲ ಬರದೀನಿ, ಯಾಕಂದ್ರ ಮೇ ತಿಂಗಳದಾಗ
ಕರೆಂಟು ದಿನಕ್ಕ ಎರಡು ಸಲ ಹೋಗ್ತದ,
ಒಮ್ಮೆ ಹೇಳಿ, ಒಮ್ಮೆ ಹೇಳದೆ.

ಯಂತ್ರದ ಹೆಸರು ತೊಗರಿ.
ಬ್ಯಾಂಕಿನ ಹರಾಜಿನಾಗ ಹಿಡದದ್ದು,
ಬೆನ್ನ ಮ್ಯಾಲ ಇನ್ನೂ ಅದ, ಕೌಂಟರ್ ಮೂರು ಅನ್ನೋ ಸ್ಟಿಕರು.
ಒಳಗಿದ್ದದ್ದು ತಗದು ಯೂನಿಕ್ಸ್ ಹಾಕೀನಿ.
ಶಹಾಬಾದ ಕಲ್ಲಿನ ಮಾಡದಾಗ ಕೂಡಿಸೀನಿ, ಕಲ್ಲು ತಂಪಂತ.
ಕಲಬುರಗಿಯ ನಲವತ್ನಾಲ್ಕು ಡಿಗ್ರ್ಯಾಗ
ಕಲ್ಲೂ ತಂಪಿಲ್ಲ.

ಚೀಟಿಯ ಎಡ ಅಂಚಿಗೆ ಪ್ರೋಗ್ರಾಮಿನ ಕೆಲಸ.
ಮಿಲ್ಲಿನ ಹಳೇ ಕಡತ ಹೊಸ ಲಿಪಿಗೆ ತರೋದು,
ಬೇಳೆ ಅಂತಿದ್ದಲ್ಲಿ ಈಗ ಬರೇ ಕೊಕ್ಕಿ, ಚುಕ್ಕಿ, ಕಸ.
ಆಮ್ಯಾಲ ಳ ಎಲ್ಲಿ ನಿಲ್ಲಬೇಕಂತ ಕಲಿಸೋದು:
ಅದು ಲದ ಬಗಲಾಗ ತುರುಕ್ತದ,
ನಮ್ಮ ಪಾಟಿಯಾಗ ಳ ಕಡೀಗೆ ಬರೋ ಕೂಸು, ಹದ ಹಿಂದ.
ಕಡೀದಕ್ಕ ಎರಡು ಗೆರಿ ಎಳದೀನಿ:
ನೀರು ಯಾವಾಗ ಬರ್ತದ, ಹೇಳೋದು.

ನಮ್ಮ ಓಣಿಗೆ ನಳ ಐದು ದಿನಕ್ಕೊಮ್ಮೆ.
ಐದಂದ್ರ ನಾಲ್ಕು, ಇಲ್ಲಾ ಏಳು,
ವಾಲ್ವ್ ತಿರುವೋ ಸಾಯಬಣ್ಣನ ಮನ್ಯಾಗ ಮದುವಿ ಇದ್ದರ ಒಂಬತ್ತು.
ಜಗದೇವಿ ಎರಡು ವರ್ಷದಿಂದ ಕ್ಯಾಲೆಂಡರಿನಾಗ ಬರದಾಳ,
ಹಾಲಿನ ಲೆಕ್ಕ ಕೆಂಪಿನಾಗ, ನೀರಿಂದು ನೀಲಿಯಾಗ,
ಬಂದ ಹೊತ್ತು, ಹೋದ ಹೊತ್ತು, ತುಂಬಿದ ಕೊಡ:
೩.೧೦, ೪.೦೫, ೨೨.
“ಇದೆಲ್ಲಾ ನಿಮ್ಮ ಡಬ್ಬಿಗೆ ಉಣಿಸಿದರ
ನೀರು ಹೆಚ್ಚು ಬರ್ತದೇನು?”
ಬರಂಗಿಲ್ಲ. ರಾತ್ರಿ ಎರಡಕ್ಕೆದ್ದು
ನಳಕ್ಕ ಕಿವಿ ಹಚ್ಚೋದು ತಪ್ತದ, ಅಷ್ಟೇ.

ಹದಿನೈದು ರಾತ್ರಿ ಆಕಿ ಓದಿದಳು, ನಾ ಬಡದೆ.
ಪೈಪಂದ್ರ ಇಲ್ಲಿ ನಿಂತ ಒಂದು ಗೆರಿ, ನೋಡು,
ಈ ಕಡೆ ನಿನ್ನ ಬರಹ ಹೊಯ್ದರ
ಆ ಕಡೆ ಬರೇ ಹೊತ್ತು ಸೋಸಿ ಬೀಳ್ತದ.
“ಸೋರಂಗಿಲ್ಲೇನು?”
ಇಲ್ಲ.
“ಹಂಗಾದ್ರ ಮುನಸಿಪಾಲ್ಟಿಯವರಿಗೆ ತೋರಸ್ರಿ.”

ಹದಿನಾರನೇ ರಾತ್ರಿ ಪ್ರೋಗ್ರಾಮು ಮುಗ್ಗರಿಸಿ ಬಿತ್ತು.
ಹೋದ ವರ್ಷದ ಫೆಬ್ರುವರಿ,
ಹನ್ನೊಂದು ಚೌಕ ಬಯಲು.
ನೀಲಿ ಇಲ್ಲ, ಕೆಂಪೂ ಇಲ್ಲ.
ನಾ ಸೊನ್ನಿ ತುಂಬಿಕೋತ ಹೊಂಟೆ,
ಸೊನ್ನಿ, ಸೊನ್ನಿ, ಸೊನ್ನಿ.
ಆಕಿ ಹಿಂದ ನಿಂತಿದ್ದಳು, ಕೈತುಂಬ ಜ್ವಾಳದ ಹಿಟ್ಟು.
“ಸೊನ್ನಿ ಬರೀಬ್ಯಾಡ್ರಿ. ನೀರು ಬಂದಿತ್ತು.
ನಾ ದವಾಖಾನ್ಯಾಗಿದ್ದೆ.”

ಬಾಜು ಮನಿ ಫರ್ಜಾನಾ ನಮ್ಮ ಬ್ಯಾರಲ್ ತುಂಬಿ ಹೋಗಿದ್ದಳಂತ,
ಎರಡು ಸಲವೋ, ಮೂರು ಸಲವೋ.
ನಾ ಮನ್ಯಾಗ ಇದ್ದೆ. ಬುತ್ತಿ ಒಯ್ದೆ, ಖಾಲಿ ಡಬ್ಬಿ ತಂದೆ,
ಆ ಬ್ಯಾರಲಿನಾಗ ತಂಬಿಗಿ ಅದ್ದಿ ಮಾರಿ ತೊಳಕೊಂಡೆ,
ಯಾರು ತುಂಬಿದರಂತ ಕೇಳಲಿಲ್ಲ.

ಸೊನ್ನಿ ಬ್ಯಾರೆ, ಖಾಲಿ ಬ್ಯಾರೆ.
ಸೊನ್ನಿ ಅಂದ್ರ ಒಬ್ಬರು ನಿಂತು ನೋಡ್ಯಾರ,
ಏನೂ ಇಲ್ಲಂತ ಬರದಾರ.
ಪುಸ್ತಕದಾಗ ಓದಿದ್ದೆ ಇದನ್ನ, ಅಡಿಗೆರಿ ಹಾಕಿ.
ಬಾಣದ ಕೀಲಿ ಒತ್ತಿ ಒತ್ತಿ ಹಿಂದ ಹೋದೆ,
ಒಂದೊಂದೇ ಸೊನ್ನಿ ಅಳಿಸಿದೆ.
ಪ್ರೋಗ್ರಾಮಿಗೆ ಹೇಳಿದೆ: ಇಲ್ಲಿ ಬಿದ್ದು ಅಳಬ್ಯಾಡ, ದಾಟು,
ಆದರ ಹನ್ನೊಂದು ದಿನ ದಾಟಿದಿ ಅಂತ ನೆನಪಿಡು.

ನಿನ್ನೆ ಎರಡೂ ನಲವತ್ತಕ್ಕ ಎಬ್ಬಸು ಅಂತ
ಕ್ರಾನಿಗೆ ಹೇಳಿ ಮಲಗಿದೆ. ಎಬ್ಬಿಸಿತು.
ಜಗದೇವಿ ಆಗಲೇ ಅಂಗಳದಾಗ, ಹದಿನಾಲ್ಕನೇ ಕೊಡ.
“ಒಂದೂ ಐವತ್ತಕ್ಕ ಬಂದದ. ಬರಕೋರಿ.”
ಐವತ್ತು ನಿಮಿಷದ ತಪ್ಪು, ಆಮ್ಯಾಲ ನೋಡಿದರಾತು,
ಮೆಮರಿನೂ ಆಮ್ಯಾಲ, ಫ್ಯಾನೂ.
ನೀಲಿ ಪೆನ್ನು ಹುಡುಕಿದೆ, ಫ್ರಿಜ್ಜಿನ ಮ್ಯಾಲಿತ್ತು.
ಚೌಕ ಎಷ್ಟು ಸಣ್ಣದು ಅಂತ ಗೊತ್ತಿರಲಿಲ್ಲ,
ನನ್ನ ಅಂಕಿ ನಾಳಿನ ತಾರೀಖಿನೊಳಗ ಹೋದವು.