ಅಣ್ಣ ನಿಲ್ಲುವ ಜಾಗ

ಅವನನ್ನು ಕರೆದ ಸಂಜೆ ನಾನು ಹಸು ಕರೆಯುತ್ತಿದ್ದೆ.
ಬಾಗಿಲಲ್ಲಿ ಮೂವರು ಹಿರಿಯರು, ಟೋಪಿ ಕೈಯಲ್ಲಿ:
"ಪಾದ್ರಿಯ ದೋಣಿ ಬರುವುದು ಆರು ವಾರಕ್ಕೊಮ್ಮೆ.
ಉಳಿದ ಭಾನುವಾರ ಪ್ರಸಂಗ ಓದಲು
ಹಾನುಸ್ ಆದೀತೆಂದು ನಮಗೆ ತೋರಿದೆ."

ಹಾನುಸ್!
ಅಂಗಡಿಗೆ ಹೋದರೆ ಉಪ್ಪಿನ ಡಬ್ಬಿಗೆ
ಬೆರಳು ತೋರಿಸಿ ಬರುವವನು.
ನೊರೆ ಏರುತ್ತಿತ್ತು, ನಾನು ಕೆಚ್ಚಲು ಬಿಡಲಿಲ್ಲ.
ನನಗೆ ಓದೆಂದರೆ ನೀರು ಕುಡಿದಷ್ಟು ಸಲೀಸು.
ನನ್ನನ್ನು ಯಾರೂ ಕೇಳಲಿಲ್ಲ.

ನಮ್ಮದು ಫಾರೋ ದ್ವೀಪಗಳ ಕೊನೆಯ ಊರು,
ಹದಿನಾಲ್ಕು ಹೊಗೆಗೂಡು, ಹುಲ್ಲು ಬೆಳೆದ ಸೂರು,
ಡಾಂಬರು ಬಳಿದ ಮರದ ಚರ್ಚು.
ಮೊದಲ ಭಾನುವಾರವೇ 'ಕೃಪೆ'ಯ ಹತ್ತಿರ ಬಂದು ನಿಂತ.
ಕೃ, ಎಂದ. ಮತ್ತೆ, ಕೃ.
ದವಡೆ ಬಿಗಿಯಿತು, ಕತ್ತಿನ ನರ
ದೋಣಿಯ ಹಗ್ಗವಾಯಿತು.
ಮುಂದಿನ ಅಕ್ಷರ ನನ್ನ ಬಾಯಲ್ಲಿತ್ತು,
ಕಾಫಿಗೆ ಮುನ್ನ ಹಲ್ಲಲ್ಲಿ ಕಚ್ಚಿಕೊಂಡ
ಸಕ್ಕರೆ ತುಂಡಿನ ಹಾಗೆ.
ಉಗುಳಿಬಿಡಲೇ?
ಕರಗುವ ತನಕ ಹಿಡಿದೆ.
ಹೊರಗೆ ಒಂದು ಕುರಿ ಕೆಮ್ಮಿತು.
ಮುಂದಿನ ಬೆಂಚಿನಲ್ಲಿ ಮುದುಕಿ ಬಿಲ್ಲಾ
ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದಳು.

ಪಾದ್ರಿ ಬಂದಾಗ ಎಲ್ಲ ಸರಾಗ, ಇಪ್ಪತ್ತೇ ನಿಮಿಷ.
ಒಮ್ಮೆ ಆತ್ಮದ ವರಗಳ ಪಟ್ಟಿ ಹೇಳಿದರು.
ಬೆರಳು ಮಡಚುತ್ತ ಕೇಳಿದೆ:
ಬಾಯಿ ಮುಚ್ಚಿಕೊಂಡಿರುವುದು ಅದರಲ್ಲಿರಲಿಲ್ಲ,
ತೊದಲುವುದಂತೂ ಇಲ್ಲ.
ಮೆಟ್ಟಿಲಿಳಿಯುತ್ತ ಬಿಲ್ಲಾ ಗೊಣಗಿದಳು:
"ನನ್ನ ಇಬ್ಬರೂ ಕಡಲಲ್ಲಿದ್ದಾರೆ.
ಹಾನುಸ್ ಆದರೆ ಇಬ್ಬರ ಹೆಸರಿಗೂ ಬಿಡುವು ಕೊಡುತ್ತಾನೆ.
ಈತ ಒಬ್ಬನಿಗೂ ಕೊಡಲಿಲ್ಲ."

ಈ ಮಾರ್ಚಿನಲ್ಲಿ ಅಣ್ಣ ಜ್ವರ ಹಿಡಿದು ಮಲಗಿದ.
ಆ ಮೂವರಲ್ಲಿ ಉಳಿದವನೊಬ್ಬ ಬಂದ,
ಟೋಪಿ ತೆಗೆಯಲಿಲ್ಲ:
"ನೀನೇ ಓದು, ಇನ್ಯಾರಿದ್ದಾರೆ?"
ಇದೂ ಕರೆಯೇ ಇರಬೇಕು.
ಕರೆಯಲು ಈಗ ಹಸು ಇಲ್ಲ.

ಓದಿದೆ. ಮೂವತ್ತು ವರ್ಷ ಒಳಗೇ ಓದಿಕೊಂಡ ದನಿ
ತನ್ನನ್ನು ತಾನೇ ಕೇಳಿಸಿಕೊಂಡು ಹಿಗ್ಗಿತು, ಸುಳ್ಳೇಕೆ.
ಪುಟ ತಿರುಗಿತು. ಆ ಪದ ಬಂತು.
ಕೃ, ಎಂದೆ.
ನಾಲಿಗೆಗೆ ಏನೂ ಆಗಿರಲಿಲ್ಲ.
ಬಿಲ್ಲಾಳ ಬೆಂಚು ಖಾಲಿ, ಇನ್ನು ಅವಳ ಹೆಸರನ್ನೂ
ಯಾರಾದರೂ ಹೇಳಿಕೊಳ್ಳಬೇಕಲ್ಲ.
ಚಿಲಕವನ್ನು ಗಾಳಿ ಅಲುಗಿಸಿ ನೋಡಿತು.
ಒಂಬತ್ತು ಜನ,
ಒಬ್ಬೊಬ್ಬರಾಗಿ,
ತಲೆ ತಗ್ಗಿಸಿದರು.