ಅರ್ಧ ಎಳಿ ಹಿಂದ

ಸೊಲ್ಲಾಪುರದ ಸಾತ್ ರಸ್ತಾ ಹೋಟೆಲ್ಲಿನ್ಯಾಗ
ಶನಿವಾರ ರಾತ್ರಿ ಸಲೋಮಿ ಬನಸೋಡೆ ಹಾಡತಾಳ.
ಎಂಟೂವರಿಗೆ ಅಂತ ಬೋರ್ಡಿನ ಮ್ಯಾಲ ಬರದದ,
ಒಂಬತ್ತಕ್ಕ ಮೈಕ್ ಹಿಡೀತಾಳ.
ಹಾಡು ಸೈತ ಹಂಗ ಹಿಡೀತಾಳ, ತಡಾ ಮಾಡಿ.

ನಾ ಬೇಸ್ ಗಿಟಾರು. ಹಗಲಿಗೆ ಜಾಬರ್,
ಅಕ್ಕಲಕೋಟ ರೋಡಿನ ಕಾರಖಾನ್ಯಾಗ
ಹದಿನೆಂಟು ಪವರ್‌ಲೂಮಿನ ಹೊಟ್ಟಿಗೆ ಎಣ್ಣಿ ಹಾಕಾಂವ.
ಉಗುರಿನ್ಯಾಗಿನ ಗ್ರೀಸು ಯಾವ ಸಾಬಾಣಕ್ಕೂ ಹೋಗಂಗಿಲ್ಲ;
ತಂತಿಗೆ ಅದೇನು ಗೊತ್ತಾಗಂಗಿಲ್ಲ.

ಮೊದಲ ದಿನ ಸಿಟ್ಟಿಗೆದ್ದಿದ್ದೆ.
ಒಂದಕ್ಕ ಬರಬೇಕಾದ ಮಾತು
ಒಂದು ದಾಟಿ, ಎರಡರ ಸೆರಗು ಜಗ್ಗಿ ಬರತಿತ್ತು.
"ತಾಳ ತಪ್ಪತದ್ರಿ ಬಾಯಿ" ಅಂದೆ.
"ತಪ್ಪಂಗಿಲ್ಲ, ಕಾಯತದ" ಅಂದಳು,
ಲಿಂಬಿ ಹಿಂಡಿದ ಬಿಸಿನೀರು ಊದಿಕೋತ.

ಆಕಿ ದನಿ ಒದರಂಗಿಲ್ಲ.
ಹೊಸಾ ಚಾದರ ನಾಕು ಸಲ ಒಗದ ಮ್ಯಾಲ
ಹ್ಯಾಂಗ ಮೆತ್ತಗ ಆಗತದ, ಹಂಗ.
ಆದರ ಒಮ್ಮೊಮ್ಮೆ, ಹಾಡಿನ ನಡುವ,
ಗಾಂಧಾರದ ಹೊಸ್ತಿಲ ಮ್ಯಾಲ ಕಾಲಿಟ್ಟು
ಒಳಗ ಬರಲೊಲ್ಲದು, ತಿರುಗಿ ಹೋಗಲೊಲ್ಲದು,
ಅಲ್ಲೇ ನಿಂತು ನಡಗತದ.
ಆಗ ವೇಟರ್ ನರಸಯ್ಯ
ಕೈಯಾಗಿನ ತಾಟು ಎಲ್ಲಿಗೆ ಒಯ್ಯಬೇಕು ಮರೀತಾನ.

ಕಲತದ್ದು ಅರ್ಧ, ಮಿಷನ್ ಶಾಲಿಯ ಹಾರ್ಮೋನಿಯಂ ಮ್ಯಾಲ.
ಉಳಿದದ್ದು ಗುಜರಿಯಿಂದ ತಂದ ಒಂದು ಕ್ಯಾಸೆಟ್ಟು,
ಲೇಬಲ್ ಹರದದ್ದು.
ಯಾವ ಊರಿನ ಹೆಂಗಸು, ಯಾವ ಸಂಕಟ,
ಇವತ್ತಿಗೂ ಆಕಿಗೆ ಗೊತ್ತಿಲ್ಲ.
ಟೇಪು ಹಳೇದು, ಅಲ್ಲಲ್ಲಿ ಜೋತು ಬೀಳತಿತ್ತಂತ.
ಆ ಜೋತಾಟ ಹಾಡಿನದೋ ಟೇಪಿನದೋ
ತಿಳೀದ ಎರಡೂ ಕಲತೀನಿ ಅಂತ ನಗತಾಳ.

ಐದನೇ ಟೇಬಲ್ಲು ಮರಾಠಿ ಕೇಳತದ,
ಬಾಗಲ ಬಾಜೂದ್ದು ತೆಲುಗು,
ಮದವಿಗೆ ಬಂದ ಅಫಜಲಪುರದ ಮಂದಿ ಕನ್ನಡ.
ಎಲ್ಲಾ ಹಾಡತಾಳ, ಯಾವುದೂ ಅವರು ತಂದಂಗ ಉಳಿಯಂಗಿಲ್ಲ.
"ಇದು ಯಾವ ನಮೂನಿ ಸಂಗೀತ?" ಅಂತ ಕೇಳಿದವರಿಗೆ
ಮ್ಯಾನೇಜರ್ "ಸಾಫ್ಟ್" ಅಂತಾನ,
ಗಾದಿ ಬಗ್ಗೆ ಹೇಳಿದಂಗ.

ಹೋದ ವಾರ ಆಕಿ ಅವ್ವ ಬಂದಿದ್ದಳು, ರಾಹೇಲಬಾಯಿ.
ಮೂವತ್ತೊಂದು ವರ್ಷ ಲೂಮಿನ ಮುಂದ ನಿಂತು
ಕಿವಿ ಮುಕ್ಕಾಲು ಹೋಗ್ಯಾವ.
ಸ್ಪೀಕರಿನ ಬಾಜೂ ಖುರ್ಚಿ ಹಾಕಿಸಿಕೊಂಡು
ಅದರ ಮ್ಯಾಲ ಅಂಗೈ ಇಟ್ಟು ಕುಂತಳು,
ಕೂಸಿನ ಜ್ವರ ನೋಡಿದಂಗ.
ಮೂರು ಹಾಡು. ಏನೂ ಅನಲಿಲ್ಲ.
ನಾಕನೇದಕ್ಕ, ಮಗಳು ಎಂದಿನಂಗ ತಡಾ ಮಾಡಿದಾಗ,
ಮುದುಕಿ ಬೆರಳು ಡಬ್ಬಿ ಮ್ಯಾಲ ಒಂದು ಬಡೀತು,
ಖಾಲಿ ಜಾಗಾದಾಗ. ಸರೀ ಅಲ್ಲೇ.

ನನಗ ಗೊತ್ತು ಆ ಬಡಿತ.
ಲಾಳಿ ಈ ಕಡಿ ಬಿಟ್ಟದ, ಆ ಕಡಿ ಮುಟ್ಟಿಲ್ಲ;
ಎಳಿ ಹರೀತೋ ಉಳೀತೋ ಅಂತ
ನೇಯೂ ಹೆಂಗಸು ಉಸಿರು ಹಿಡದ ಹೊತ್ತು.

ಆಟೋದಾಗ ರಾಹೇಲಬಾಯಿ ಒಂದ ಮಾತು ಕೇಳಿದಳು,
ಓಣಿಗೆಲ್ಲಾ ಕೇಳೂ ಹಂಗ:
"ಪಗಾರರೆ ವ್ಯಾಳ್ಯಾಕ್ಕ ಕೊಡತಾರೇನು?"
ಸಲೋಮಿ ನನ್ನ ನೋಡಿದಳು. ನಾ ರಸ್ತಾ ನೋಡಿದೆ.
ಉತ್ತರಾ ಬರೂದರಾಗ
ಹಳೇ ಗಿರಣಿಯ ಚಿಮಣಿ ದಾಟಿ ಹೋಗಿತ್ತು.